ಬೋಣಿಯ ನೀಲಮ್ಮ

ರಾಯಚೂರಿನ ರೋಗಿಯ ರಕ್ತದ ಗುಂಪು ಕರ್ನೂಲಿನ ರೋಗಿಯ ಹೆಸರಿನ ಮುಂದೆ ಹೋಗಿ ಕೂರಬಹುದಿತ್ತು. ಹನ್ನೊಂದೂವರೆ ಇರಬೇಕಾದ ಹಿಮೋಗ್ಲೋಬಿನ್ ನಡುವಿನ ಚುಕ್ಕೆ ಕಳೆದುಕೊಂಡು ನೂರ ಹದಿನೈದಾಗಿ, ಅದನ್ನು ಓದಿದ ಡಾಕ್ಟರು ಕುರ್ಚಿಯಿಂದ ಬೀಳಬಹುದಿತ್ತು. ಏಪ್ರಿಲ್ ಮೂರನೆಯ ತಾರೀಖು ಮಾರ್ಚ್ ನಾಲ್ಕಾಗಿ ತಿರುಗಿ ಯಾವಳೋ ಬಸುರಿಯ ದಿನಗಳ ಎಣಿಕೆ ತಪ್ಪಬಹುದಿತ್ತು. ಹಳೆಯ ಪ್ರೋಗ್ರಾಮನ್ನು ಹೊರಹಾಕಲು ಹೋದ ಹೊಸದು, ಮನೆ ಖಾಲಿ ಮಾಡಿಸುವವರು ದೇವರ ಪಟವನ್ನೂ ಬೀದಿಗೆ ಎಸೆಯುವ ಹಾಗೆ, ವರ್ಷಗಟ್ಟಲೆಯ ರೋಗಿಗಳ ದಾಖಲೆಯನ್ನೂ ಗುಡಿಸಿ ಹಾಕಬಹುದಿತ್ತು. ಲ್ಯಾಬಿನ ಹೆಸರಿನ ತೆಲುಗು ಅಕ್ಷರಗಳೆಲ್ಲ ಚೌಕಚೌಕವಾಗಿ ಬರಬಹುದಿತ್ತು. ಸಿ.ಡಿ.ಗೆ ಗೀರು ಬೀಳಬಹುದಿತ್ತು. ವೈರಸ್ ಹಿಡಿಯುವ ಪ್ರೋಗ್ರಾಮು ನಮ್ಮನ್ನೇ ವೈರಸ್ ಎಂದುಕೊಳ್ಳಬಹುದಿತ್ತು. ಕೆಲಸ ಅರ್ಧಕ್ಕೆ ಬಂದಾಗ ಕರೆಂಟು ಹೋಗಬಹುದಿತ್ತು. ಈ ಕೊನೆಯದಕ್ಕೆ ‘ಬಹುದಿತ್ತು’ ಸಲ್ಲದು. ಆ ಬೇಸಿಗೆಯಲ್ಲಿ ಹೋಗಿಯೇ ಹೋಗುತ್ತಿತ್ತು.

ಇಂಥವನ್ನು ನಲವತ್ತೊಂದು ಅಂಶಗಳಾಗಿ ಬರೆದು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೆ. ಕನ್ನಡ ಬಾರದ ನಮ್ಮ ಕಂಪನಿಯ ಎಂ.ಡಿ. ಓದಿ ನಗಬಾರದೆಂದು ಕನ್ನಡದಲ್ಲಿ ಬರೆದಿದ್ದೆ. ನಲವತ್ತೆರಡನೆಯದೂ ಒಂದಿತ್ತು: ಏನೂ ಕೆಡದೆ ಎಲ್ಲವೂ ಸರಿಯಾಗಿಯೇ ನಡೆದುಬಿಟ್ಟರೆ ಶರಣಪ್ಪನವರ ಕೆಲಸ ಹೋಗುತ್ತದೆ. ಅದನ್ನು ಮಾತ್ರ ಬರೆಯಲಿಲ್ಲ. ಶರಣಪ್ಪನವರು ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು, ಕನ್ನಡ ಚೆನ್ನಾಗಿ ಓದುತ್ತಿದ್ದರು.

ಇಪ್ಪತ್ತೆರಡು ವರ್ಷದ ಹಿಂದಿನ ಆ ಪಟ್ಟಿ ನೆನಪಾದದ್ದು ಕಳೆದ ವಾರ. ಮಗಳನ್ನು ಯೂನಿವರ್ಸಿಟಿಯ ಹಾಸ್ಟೆಲಿಗೆ ಬಿಡಲು ಶಂಶಾಬಾದಿನ ನಮ್ಮ ಮನೆಯಿಂದ ತಾರ್ನಾಕಕ್ಕೆ ಹೋಗಿದ್ದೆ. “ಹೇಗೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅಲ್ಲೇ ಎಲ್ಲಾದರೂ ಶುಗರ್ ನೋಡಿಸ್ಕೊಂಡು ಬಂದ್ಬಿಡಿ” ಎಂದು ಹೆಂಡತಿ ಹೇಳಿ ಕಳಿಸಿದ್ದಳು. ನನಗೆ ಸಕ್ಕರೆ ಕಾಯಿಲೆ ಇಲ್ಲವೆಂದು ಮೂರು ತಿಂಗಳಿಗೊಮ್ಮೆ ಯಾರಾದರೂ ಕಾಗದದ ಮೇಲೆ ಬರೆದುಕೊಡದಿದ್ದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲವೆಂದು ಅವಳಿಗೆ ಗೊತ್ತು.

ಮುಖ್ಯರಸ್ತೆಯಿಂದ ಒಳಗೆ, ಬೇವಿನ ಮರದ ಪಕ್ಕದ ಮನೆಯ ಕೆಳಗಿನ ಅಂತಸ್ತಿನಲ್ಲಿ, ಆಗ ನಾವು ಪ್ರೋಗ್ರಾಮು ಕೊಟ್ಟಿದ್ದ ವಿಜಯಲಕ್ಷ್ಮಿ ಮೇಡಂ ಅವರ ಲ್ಯಾಬು ಇನ್ನೂ ಇತ್ತು. ಬಾಗಿಲು ತಳ್ಳಿದೆ. ಮೊದಲು ಸ್ಪಿರಿಟ್ಟಿನ ವಾಸನೆ, ಅದರ ಹಿಂದೆಯೇ ಊದುಬತ್ತಿಯದು. ಕೌಂಟರಿನ ಹುಡುಗಿ ಆಗತಾನೆ ಕಂಪ್ಯೂಟರ್ ಹಚ್ಚುತ್ತಿದ್ದಳು. ಆ ದಿನ ನಾನೇ ಮೊದಲ ಗಿರಾಕಿ. ಆದರೆ ನನ್ನ ಹೆಸರು ಕೇಳುವ ಮೊದಲೇ ಅವಳು ಒಂದು ರಿಪೋರ್ಟ್ ಪ್ರಿಂಟ್ ಹಾಕಿದಳು, ಬೆಳಕಿಗೆ ಹಿಡಿದು ನೋಡಿದಳು, ಏನೋ ಗೊಣಗಿ ಪಕ್ಕದ ಟ್ರೇಗೆ ಹಾಕಿದಳು.

ರಕ್ತ ಕೊಡುವ ಮುಂಚೆಯೇ ರಿಪೋರ್ಟ್ ಬಂದರೆ ನನ್ನಂಥವನ ಎದೆ ಏನಾಗಬೇಕು? “ಅದು ನಂದಾ?” ಎಂದೆ.

“ಕಾದಂಡಿ,” ಅಲ್ಲ ಎಂದು ತಲೆಯಾಡಿಸಿ ನಕ್ಕಳು. “ಅದು ಬೋಣಿ.”

ಬಗ್ಗಿ ಓದಿದೆ. ರೋಗಿ ನಂಬರ್ ಒಂದು. ನೀಲಮ್ಮ. ಹೆಣ್ಣು. ವಯಸ್ಸು ಅರವತ್ತೇಳು. ಹಿಮೋಗ್ಲೋಬಿನ್ ಹನ್ನೆರಡೂವರೆ, ಶುಗರ್ ತೊಂಬತ್ತೆರಡು, ಕ್ರಿಯಾಟಿನಿನ್ ಸೊನ್ನೆ ಪಾಯಿಂಟ್ ಎಂಟು. ಎಲ್ಲವೂ ನಾರ್ಮಲ್. ಆಮೇಲೆ ಮೊಣಕೈಯ ಹತ್ತಿಯನ್ನು ಒತ್ತಿ ಹಿಡಿದು ಬೆಂಚಿನ ಮೇಲೆ ಕೂತವನಿಗೆ ನನ್ನ ಶುಗರ್ ಮರೆತೇ ಹೋಯಿತು.

ಆಗ ನಮ್ಮ ಆಫೀಸು ಬೇಗಂಪೇಟೆಯಲ್ಲಿ, ಮೂರನೆಯ ಮಹಡಿಯಲ್ಲಿತ್ತು. ವಿಮಾನಗಳು ಇನ್ನೂ ಅಲ್ಲೇ ಇಳಿಯುತ್ತಿದ್ದವು. ಕಿಟಕಿಯ ಗಾಜು ನಡುಗಲು ಶುರುವಾದರೆ ಫೋನಿನಲ್ಲಿದ್ದವರೆಲ್ಲ ಬಾಯಿ ಮುಚ್ಚಿ, ವಿಮಾನ ತಲೆಯ ಮೇಲಿಂದ ಹೋಗುವವರೆಗೆ ಕಾದು, ಬಿಟ್ಟ ಮಾತಿನಿಂದಲೇ ಮತ್ತೆ ಶುರುಮಾಡುತ್ತಿದ್ದರು. ಅದಕ್ಕೆ ಯಾರೂ ಯಾರಲ್ಲೂ ಕ್ಷಮೆ ಕೇಳುತ್ತಿರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಮೈಸೂರಿನಿಂದ ನನ್ನ ಜೊತೆ ರೈಲು ಹತ್ತಿದ್ದ ಇಬ್ಬರು ಅಲ್ಲಿ ಸೇರಿ, ಕೊರಳಿನ ಗುರುತಿನ ಚೀಟಿಯನ್ನು ಭಾನುವಾರವೂ ತೆಗೆಯುತ್ತಿರಲಿಲ್ಲ. ನಾನು ಹದಿನಾಲ್ಕು ಜನರ ಕಂಪನಿ ಸೇರಿದ್ದೆ. ದೊಡ್ಡ ಕಂಪನಿ ಮುಳುಗಿದರೆ ಪೇಪರಿನಲ್ಲಿ ಬರುತ್ತದೆ, ಮೈಸೂರಿನಲ್ಲಿ ಅಮ್ಮ ಓದುತ್ತಾಳೆ. ಚಿಕ್ಕದು ಮುಳುಗಿದರೆ ಸದ್ದಾಗುವುದಿಲ್ಲ. ಇಪ್ಪತ್ತೊಂಬತ್ತನೆಯ ವಯಸ್ಸಿಗೇ ನಾನು ಯೋಚಿಸುತ್ತಿದ್ದ ರೀತಿ ಅದು.

ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬುಗಳಿಗೆ ರಿಪೋರ್ಟ್ ಮುದ್ರಿಸಿಕೊಡುವ ಪ್ರೋಗ್ರಾಮು ನಮ್ಮದು. ಕರ್ನೂಲು, ಮೆಹಬೂಬ್‌ನಗರ, ರಾಯಚೂರು, ಬೀದರ್ ಎಂದು ಸಣ್ಣ ಊರುಗಳಲ್ಲಿ ಓಡುತ್ತಿತ್ತು. ಬರೆದವರು ನಾವೇ ಆದರೂ ಅದನ್ನು ಒಂದು ಕಂಪ್ಯೂಟರಿನಲ್ಲಿ ಕೂರಿಸುವುದು ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಯಾವ ಫೈಲಿನ ಹಿಂದೆ ಯಾವುದನ್ನು ಹಾಕಬೇಕು, ಎಲ್ಲಿ ಕಂಪ್ಯೂಟರನ್ನು ಆರಿಸಿ ಹಚ್ಚಬೇಕು, ಯಾವ ಪ್ರಿಂಟರಿಗೆ ಎಷ್ಟು ಅಂಚು ಬಿಡಬೇಕು ಎಂಬುದೆಲ್ಲ ಶರಣಪ್ಪನವರಿಗೆ ಗೊತ್ತಿತ್ತು. ಕಲಬುರ್ಗಿ ಕಡೆಯವರು. ಇಲ್ಲಿಯ ಒಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೇಥ್ ಮೇಲೆ ದುಡಿದು, ಸ್ವಯಂ ನಿವೃತ್ತಿ ತಗೊಂಡು, ಐವತ್ತರ ಸುಮಾರಿಗೆ ನಮ್ಮಲ್ಲಿಗೆ ಬಂದವರು. ಹೆಗಲಿಗೆ ರೆಕ್ಸಿನ್ ಚೀಲ, ಅದರಲ್ಲಿ ಸಿ.ಡಿ.ಗಳು, ಒಂದು ಸ್ಕ್ರೂಡ್ರೈವರ್, ಧೂಳು ಒರೆಸಲು ಹಳೆಯ ಪಂಚೆಯ ತುಂಡು, ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ ಒಂದು ನೋಟ್‌ಬುಕ್ಕು. ಒಂದು ಲ್ಯಾಬಿಗೆ ಒಂದೂವರೆ ದಿನ ಹಿಡಿಯುತ್ತಿತ್ತು.

“ಇನ್‌ಸ್ಟಾಲ್ ಅಂತ ಸಸಾರ ಮಾಡಬ್ಯಾಡ್ರಿ,” ಎನ್ನುತ್ತಿದ್ದರು. “ಗಣಪತಿ ಕೂಡ್ಸಿದಂಗ. ಮುಹೂರ್ತ, ದಿಕ್ಕು ಎಲ್ಲಾ ನೋಡಬೇಕಾಗ್ತೈತಿ.”

ಇಬ್ಬರ ಮನೆಯೂ ತಾರ್ನಾಕದಲ್ಲಿತ್ತು. ಅವರು ಊರಲ್ಲಿದ್ದ ದಿನಗಳಲ್ಲಿ ಒಂದೇ ಬಸ್ಸಿನಲ್ಲಿ ಬಂದು ಒಂದೇ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆವು. ಕನ್ನಡ ಮಾತಾಡಲು ಸಿಗುವ ಮನುಷ್ಯ ಎಂಬ ಒಂದೇ ಕಾರಣಕ್ಕೆ ನಾನು ಅವರ ಪಕ್ಕ ಸೀಟು ಹಿಡಿಯುತ್ತಿದ್ದೆ. ಏನು ಹೇಳಿದರೂ “ಅಲ್ಲ ಸಾರ್, ಒಂದು ವೇಳೆ ಹಾಗಾದ್ರೆ?” ಎಂದು ಕೇಳುವ ನನ್ನ ಚಾಳಿ ಕಂಡು ಅವರು ನನಗೊಂದು ಹೆಸರಿಟ್ಟಿದ್ದರು: ‘ಹಂಗಾದ್ರ ಸಾಹೇಬ್ರು’.

ಮೇ ತಿಂಗಳಲ್ಲಿ, ಮಾವಿನ ಹಣ್ಣಿನ ಗಾಡಿಗಳಿಗೆ ಬಿಸಿಲೇ ಕಾವಲು ನಿಂತಂತಿದ್ದ ಒಂದು ಮಧ್ಯಾಹ್ನ ಎಂ.ಡಿ. ನನ್ನನ್ನು ಒಳಗೆ ಕರೆದರು. ತೆಲುಗಿನವರು, ಒಳ್ಳೆಯ ಮನುಷ್ಯ, ಸ್ವಲ್ಪ ಅವಸರದವರು. ಮೇಜಿನ ಮೇಲೆ ಹೊಸ ಡಬ್ಬಿಯೊಂದಿತ್ತು. ಅದು ಪ್ಯಾಕೇಜಿಂಗ್ ಟೂಲ್. ನಮ್ಮ ಪ್ರೋಗ್ರಾಮು, ಅದಕ್ಕೆ ಬೇಕಾದ ನೂರಾರು ಫೈಲು, ಫಾಂಟು, ಅಳತೆ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುವ ಸಾಧನ. ಸಿ.ಡಿ. ಅಂಚೆಯಲ್ಲಿ ಹೋಗುತ್ತದೆ, ಲ್ಯಾಬಿನವರು ‘ನೆಕ್ಸ್ಟ್’ ‘ನೆಕ್ಸ್ಟ್’ ಎಂದು ಒತ್ತುತ್ತ ಹೋದರೆ ಗಂಟು ತಾನೇ ಬಿಚ್ಚಿಕೊಂಡು ಪ್ರತಿಯೊಂದು ಸಾಮಾನೂ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ.

“ಶರಣಪ್ಪ ಗಾರು ತಲೆಯಲ್ಲಿ ಇಟ್ಟುಕೊಂಡಿರುವುದೆಲ್ಲ ಆಗಸ್ಟ್ ಒಳಗೆ ಇದರೊಳಗೆ ಬರಬೇಕು,” ಎಂದರು ಎಂ.ಡಿ. ಆಮೇಲೆ ದನಿ ತಗ್ಗಿಸಿ, “ಅದಾದ ಮೇಲೆ ಅವರನ್ನು ಮರ್ಯಾದೆಯಿಂದ ಕಳಿಸಿಕೊಡೋಣ. ಊರೂರು ತಿರುಗುವ ಕೆಲಸವೇ ಇರುವುದಿಲ್ಲವಲ್ಲ. ಈಗಲೇ ಹೇಳಬೇಡಿ. ಬೇಜಾರಾಗಿ ಅರ್ಧಕ್ಕೆ ನಿಲ್ಲಿಸಿಬಿಟ್ಟರೆ ಕಷ್ಟ,” ಎಂದರು.

“ಆಯ್ತು ಸಾರ್,” ಎಂದೆ. ಬೇರೆ ಏನನ್ನೋ ಹೇಳುವ ಮನುಷ್ಯರು ಇರುತ್ತಾರೆಂದು ಕೇಳಿದ್ದೇನೆ. ಹೊರಗೆ ಬಂದರೆ ಶರಣಪ್ಪನವರು ಕೆಳಗಿನ ಇರಾನಿ ಹೋಟೆಲಿನಿಂದ ತಂದ ಚಹಾದಲ್ಲಿ ನನ್ನ ಪಾಲನ್ನು ಬಸಿಯಿಂದ ಮುಚ್ಚಿ, ಬಸಿಯ ಮೇಲೆ ಒಂದು ಬಿಸ್ಕತ್ತು ಇಟ್ಟು ಕಾಯುತ್ತಿದ್ದರು. ಚಹಾ ಕುಡಿದೆ, ಬಿಸ್ಕತ್ತನ್ನು ಬಸಿಯ ಮೇಲೆಯೇ ಬಿಟ್ಟೆ.

ಅವರ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಕೂತೆವು. ಅವರು ಒಂದೊಂದೇ ಹೆಜ್ಜೆ ಹೇಳುವುದು, ನಾನು ಅದನ್ನು ಟೂಲಿಗೆ ತಿಳಿಯುವ ಹಾಗೆ ಬರೆಯುವುದು.

“ಬರ್ಕೋರಿ. ಒಂದನೇದು: ಹೋದ ಕೂಡ್ಲೆ ಕಂಪ್ಯೂಟರ್ ಮುಟ್ಟಬಾರ್ದು. ನೀರ್ ಕುಡೀಬೇಕು.”

“ಇದನ್ನ ಹೇಗೆ ಸಾರ್ ಪ್ಯಾಕ್ ಮಾಡೋದು?”

“ಅದು ನಿಮ್ಮ ತಲಿನೋವು. ನಾ ಯಾಕ ಹೇಳ್ತೀನಿ ಅಂದ್ರ, ನೀರ್ ಕುಡ್ಯೋದ್ರಾಗ ಅವರ ಪ್ರಿಂಟರ್ ಎಲ್ಲೈತಿ, ಹೆಂಗೈತಿ ನೋಡಿ ಬಿಡ್ತೀನಿ. ಬೀದರಿನ್ಯಾಗ ಒಬ್ರು ಪ್ರಿಂಟರ್ ಕೆಳಗ ಫೋನ್ ಡೈರೆಕ್ಟರಿ ಇಟ್ಟಿದ್ರು. ಒಂದ್ ಮಗ್ಗಲು ಎತ್ತರ. ಎಲ್ಲರ ರಿಪೋರ್ಟೂ ಸೊಟ್ಟ. ಊರ ಮಂದಿಗೆಲ್ಲಾ ವಾತ ಬಡಿದೈತಿ ಅನ್ನಬೇಕು, ಹಂಗ.”

“ಅಲ್ಲ ಸಾರ್, ಒಂದು ವೇಳೆ—”

“ಹಂಗಾದ್ರ ಸಾಹೇಬ್ರ, ಇನ್ನಾ ಎರಡನೇದಕ್ಕ ಬಂದಿಲ್ಲ ನಾವು.”

ನೀರನ್ನು ಬಿಟ್ಟು ಉಳಿದದ್ದೆಲ್ಲ ಟೂಲಿನೊಳಗೆ ಹೋಗುತ್ತ ಬಂತು. ತಾರೀಖಿನಲ್ಲಿ ಮೊದಲು ದಿನ, ಆಮೇಲೆ ತಿಂಗಳು ಬರುವ ಹಾಗೆ ತಿರುಗಿಸುವುದು ಏಳನೆಯ ಹೆಜ್ಜೆ. ತೆಲುಗು ಫಾಂಟು ಹನ್ನೆರಡನೆಯದು. ಒಂದೊಂದು ಹೆಜ್ಜೆ ಒಳಗೆ ಹೋದಾಗಲೂ ಅವರು ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಪೆನ್ಸಿಲ್ಲಿನಿಂದ ಸರಿ ಗುರುತು ಹಾಕುತ್ತಿದ್ದರು. ಅವರ ಕೆಲಸಕ್ಕೆ ನಾನು ಕತ್ತರಿ ಹಾಕುತ್ತಿದ್ದೇನೆ, ಅಳತೆಗೆ ಅವರೇ ಬಟ್ಟೆ ಹಿಡಿದುಕೊಂಡಿದ್ದಾರೆ ಎನ್ನಿಸಿ ಮುಖ ನೋಡಲಾಗುತ್ತಿರಲಿಲ್ಲ. ಮೂವತ್ತನೆಯದು ಮುಗಿದ ದಿನ ಮಳೆ ಶುರುವಾಗಿತ್ತು. ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಎಂದು ಬರೆದು ಮುಂದೆ ಖಾಲಿ ಬಿಟ್ಟಿತ್ತು.

“ಇದು?”

“ಅದು ಬಿಡ್ರಿ. ಅದು ಬೇಕಾಗಂಗಿಲ್ಲ,” ಎಂದು ನೋಟ್‌ಬುಕ್ಕು ಮುಚ್ಚಿದರು.

ಖಾಲಿ ಬಿಟ್ಟ ಒಂದು ಸಾಲು ನನ್ನನ್ನು ಎಷ್ಟು ದಿನ ಕಾಡಬಲ್ಲದೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಜುಲೈನಲ್ಲಿ ಪರೀಕ್ಷೆ ಶುರು. ಆರು ಲ್ಯಾಬುಗಳ ದಾಖಲೆಯ ಪ್ರತಿಯನ್ನು ಶರಣಪ್ಪನವರು ತಂದಿದ್ದರು. ಹಳೆಯದರ ಮೇಲೆ ಹೊಸದನ್ನು ಕೂರಿಸಿ, ಒಬ್ಬ ರೋಗಿಯೂ ಕಾಣೆಯಾಗಿಲ್ಲವೆಂದು ನೋಡುವುದು ನನ್ನ ಕೆಲಸ. ರಾಯಚೂರಿನದನ್ನು ತೆರೆದೆ. ರೋಗಿ ನಂಬರ್ ಒಂದು: ನೀಲಮ್ಮ, ಹೆಣ್ಣು, ನಲವತ್ತೈದು. ಎಲ್ಲ ಸರಿ. ಕರ್ನೂಲಿನದನ್ನು ತೆರೆದೆ. ರೋಗಿ ನಂಬರ್ ಒಂದು: ನೀಲಮ್ಮ, ಹೆಣ್ಣು, ನಲವತ್ತೈದು. ಅದೇ ಹಿಮೋಗ್ಲೋಬಿನ್, ಅದೇ ಶುಗರ್. ಬೀದರ್: ನೀಲಮ್ಮ. ಮೆಹಬೂಬ್‌ನಗರ: ನೀಲಮ್ಮ.

ಉಳಿದೆರಡು ಊರಲ್ಲೂ ಅವಳೇ. ಪಟ್ಟಿಯ ಮೊದಲನೆಯ ಅಂಶ ನಿಜವಾಗಿತ್ತು. ನನ್ನ ಗಂಟು ಊರೂರಿನ ರಕ್ತವನ್ನು ಕಲಸುತ್ತಿತ್ತು. ರಾಯಚೂರಿನ ಈ ಹೆಂಗಸು ತುಂಗಭದ್ರೆ ದಾಟಿ ಕರ್ನೂಲಿಗೂ ಹೋಗಿಬಿಟ್ಟಿದ್ದಳು. ಅವಳ ಬೆನ್ನಿಗೆ ಇನ್ನೆಷ್ಟು ಜನ ಹೊರಟಿದ್ದಾರೋ. ಎಂ.ಡಿ. ಕೋಣೆಯ ಬಾಗಿಲವರೆಗೆ ಹೋಗಿ, ಹಿಡಿಕೆಯ ಮೇಲೆ ಕೈಯಿಟ್ಟವನು ರಾಜೀನಾಮೆ ಪತ್ರದ ಮೊದಲ ಸಾಲನ್ನೂ ಯೋಚಿಸಿದ್ದೆ. ಅಷ್ಟರಲ್ಲಿ ಹಿಂದಿನಿಂದ ಶರಣಪ್ಪನವರು ತೋಳು ಹಿಡಿದರು.

“ಎಲ್ಲಿಗೆ ಹೊಂಟ್ರಿ? ಮುಖಾ ಹಿಂಗ್ಯಾಕ ಬಿಳಚೈತಿ?”

“ನೀಲಮ್ಮ ಅಂತ ಒಬ್ಬರು ಸಾರ್. ಆರೂ ಊರಲ್ಲಿ ಕಾಣಿಸ್ತಿದಾರೆ.”

ಅವರು ನಗಲಿಲ್ಲ. “ಗಾಬರಿ ಆಗಬ್ಯಾಡ್ರಿ. ನಿಮ್ಮ ತಪ್ಪಲ್ಲ ಅದು. ಆಕಿ ಎಲ್ಲಾ ಕಡೆ ಇರ್ತಾಳ. ಹೆಸರು ಟೆಸ್ಟಿಂಗಿಗೆ ಅಂತ ನಾನ ಹಾಕಿದ್ದು,” ಎಂದು ತಮ್ಮ ಕುರ್ಚಿಗೆ ಹೋಗಿ ಕೂತರು. ಮೂವತ್ತೊಂದನೆಯ ಸಾಲು ಏನೆಂದು ನನಗೆ ಗೊತ್ತಾಯಿತು. ಯಾರೆಂದು ಗೊತ್ತಾಗಲಿಲ್ಲ.

ಅದು ಗೊತ್ತಾದದ್ದು ಅದೇ ವಾರ, ಬಸ್ಸಿನಲ್ಲಿ. ಸಂಜೆಯ ಮಳೆಗೆ ಬೇಗಂಪೇಟೆಯ ನಾಲೆ ಉಕ್ಕಿ ರಸ್ತೆಗೆ ಬಂದಿತ್ತು. ಸೇತುವೆಯ ಹತ್ತಿರ ಬಸ್ಸು ನಿಂತಿತು. ಡ್ರೈವರು ಎಂಜಿನ್ ಆರಿಸಿದ. ಮುಂದಿನ ಸೀಟಿನ ಹೆಂಗಸು ತಲೆಯ ಮೇಲಿನ ಹೂ ನೆನೆಯದಿರಲೆಂದು ಪ್ಲಾಸ್ಟಿಕ್ ಚೀಲ ಹಾಕಿಕೊಂಡಿದ್ದಳು. ಶರಣಪ್ಪನವರು ರೆಕ್ಸಿನ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ನೀರು ನೋಡುತ್ತಿದ್ದರು.

“ಆಗಸ್ಟ್ ಆದ ಮ್ಯಾಲ ನನಗ ಇಲ್ಲಿ ಕೆಲಸಿಲ್ಲ. ಹೌದಿಲ್ರಿ?”

“ಹಾಗೇನಿಲ್ಲ ಸಾರ್. ಏನಾದ್ರೂ ಇದ್ದೇ ಇರುತ್ತೆ.”

“ನಿಮಗ ಸುಳ್ಳು ಹೇಳಾಕ ಬರಂಗಿಲ್ರಿ. ಮೇ ತಿಂಗಳದಾಗ ಸಾಹೇಬ್ರ ಕೋಣಿಂದ ಹೊರಗ ಬಂದ್ರಲ್ಲ, ಅವತ್ತ ಗೊತ್ತಾತು. ಬಿಸ್ಕೀಟ್ ತಿನ್ನಲಿಲ್ಲ ನೀವು.”

ಗೊತ್ತಿದ್ದೂ ಯಾಕೆ ಎಲ್ಲ ಹೇಳಿಕೊಟ್ಟಿರಿ ಎಂದು ಕೇಳಿದೆ.

“ಇದು ನನಗ ಎರಡನೇ ಸಲ,” ಎಂದರು. “ಕಾರ್ಖಾನ್ಯಾಗ ಕಂಪ್ಯೂಟರ್ ಮಷೀನು ಬಂದಾಗೂ ನನ್ನ ಕಡಿಂದನ ಕೇಳಿ ಬರಕೊಂಡ್ರು. ಆವಾಗ ಸಿಟ್ಟಿನ್ಯಾಗ ಒಂದು ಮಾತ ಹೇಳದ ಬಿಟ್ಟೆ. ಮುಂಜಾನೆ ಹತ್ತು ಮಿನಿಟ ಖಾಲಿ ಓಡಿಸಿ, ಕಾದ ಮ್ಯಾಲ ಕೆಲಸ ಹಚ್ಚಬೇಕು ಅಂತ. ಒಂದು ತಿಂಗಳು ಮಾಲೆಲ್ಲಾ ರಿಜೆಕ್ಟ್. ಹೊಸಾ ಹುಡುಗೂರು ಬೈಸಿಕೊಂಡ್ರು. ನನಗೇನು ಸಮಾಧಾನ ಆಗ್ಲಿಲ್ರಿ. ಒಂದೊಂದು ಸಲ ಈಗೂ ಅದು ನೆನಪಾಗ್ತೈತಿ. ಈ ಸಲ ಹಂಗ ಮಾಡಬಾರ್ದು ಅಂತ ಮೂವತ್ತೂ ಹೇಳಿಬಿಟ್ಟೆ.”

“ಮೂವತ್ತೊಂದನೆಯದು ಹೇಳಲಿಲ್ಲ.”

ಮಳೆ ಕಿಟಕಿಯ ತಗಡಿನ ಮೇಲೆ ಬಡಿಯುತ್ತಿತ್ತು.

“ನಮ್ಮಾಕಿ ಅಕಿ,” ಎಂದರು.

ಅವರಿಗೆ ಹೆಂಡತಿ ಇಲ್ಲವೆಂದಷ್ಟೇ ನನಗೆ ಗೊತ್ತಿತ್ತು. ಸಕ್ಕರೆ ಕಾಯಿಲೆ, ಆಮೇಲೆ ಮೂತ್ರಪಿಂಡ. ಎರಡು ವರ್ಷ ವಾರಕ್ಕೊಮ್ಮೆ ರಕ್ತ ಕೊಡುವುದು, ಸಂಜೆ ಐದಕ್ಕೆ ಇವರು ಹೋಗಿ ರಿಪೋರ್ಟ್ ತರುವುದು. ನಲವತ್ತೈದಕ್ಕೆ ತೀರಿಕೊಂಡರು.

“ರಿಪೋರ್ಟಿನ್ಯಾಗ ನಾರ್ಮಲ್ ಇದ್ದದ್ದು ಸಾದಾ ಬರ್ತೈತಿ, ಹೆಚ್ಚು ಕಡಿಮಿ ಇದ್ದರ ಕೆಳಗ ಗೆರಿ ಬರ್ತೈತಿ. ಎರಡು ವರ್ಷದಾಗ ಅಕಿ ರಿಪೋರ್ಟಿನ್ಯಾಗ ಗೆರಿ ಇಲ್ಲದ ಒಂದು ಹಾಳಿ ನೋಡಲಿಲ್ರಿ. ಮುಂದ ಈ ಕೆಲಸಕ್ಕ ಬಂದೆ. ಕರ್ನೂಲಿನ್ಯಾಗ ಮೊದಲನೇ ಸಲ ಪ್ರೋಗ್ರಾಂ ಕೂಡ್ಸಿ, ಪ್ರಿಂಟ್ ಬರ್ತೈತೇನ್ ನೋಡೂಣು, ಯಾವುದಾರ ಒಂದು ಹೆಸರು ಹಾಕ್ರಿ ಅಂದ್ರು. ಬ್ಯಾರೆ ಹೆಸರು ಬಾಯಿಗೆ ಬರಲಿಲ್ಲ. ಎಲ್ಲಾ ನಾರ್ಮಲ್ ಹಾಕಿದೆ. ಪ್ರಿಂಟ್ ಬಂತು. ಒಂದ ಒಂದು ಗೆರಿ ಇಲ್ಲ. ಮಡಚಿ ಕಿಸೆದಾಗ ಇಟಗೊಂಡೆ. ಆಮ್ಯಾಲ ಎಲ್ಲಾ ಊರಾಗೂ ಹಾಕಿದೆ.”

ಡ್ರೈವರು ಎಂಜಿನ್ ಹಚ್ಚಿದ. ಬಸ್ಸು ನೀರನ್ನು ಎರಡೂ ಕಡೆ ಸೀಳಿಕೊಂಡು ಹೊರಟಿತು.

“ಅದನ್ನ ನಿಮ್ಮ ಗಂಟಿನ್ಯಾಗ ಹಾಕ್ರಿ ಅಂತ ನಾ ಹೇಳಂಗಿಲ್ರಿ. ಅದು ಕಂಪನಿ ಕೆಲಸ ಅಲ್ಲ,” ಎಂದರು.

ಮರುದಿನ ಎಂ.ಡಿ. ತಾವಾಗಿಯೇ ಹೇಳಿದರು: “ಪ್ರತಿ ಲ್ಯಾಬಿನಲ್ಲೂ ಒಂದು ಸುಳ್ಳು ರೋಗಿ ಇದೆಯಂತಲ್ಲ. ತೆಗೆದುಬಿಡಿ. ಚೆನ್ನಾಗಿ ಕಾಣಿಸಲ್ಲ.” ಅವರಿಗೆ ಹೇಳಿದ್ದು ಬೇರೆ ಯಾರೂ ಅಲ್ಲ, ಆರೂ ಊರಿನ ನೀಲಮ್ಮನ ಬಗ್ಗೆ ಆ ವಾರ ಗಾಬರಿಯಲ್ಲಿ ನಾನೇ ಬರೆದಿದ್ದ ಪರೀಕ್ಷೆಯ ವರದಿ. ಆ ಹೊತ್ತಿಗೆ ನಾನು ನನ್ನ ಜೀವನದ ದೊಡ್ಡ ಸಾಹಸ ಮಾಡಿದೆ. “ಸಾರ್, ಪ್ರಿಂಟರಿನ ಅಂಚು ಸರಿ ಇದೆಯೋ ಇಲ್ಲವೋ ನೋಡಲು ಒಂದು ಮಾದರಿ ಪುಟ ಬೇಕೇ ಬೇಕು. ಅದಿಲ್ಲದಿದ್ದರೆ ಲ್ಯಾಬಿನವರು ದಿನಾ ಫೋನ್ ಮಾಡ್ತಾರೆ,” ಎಂದೆ. ಫೋನ್ ಎಂದರೆ ಎಂ.ಡಿ. ಅವರಿಗೆ ಆಗುತ್ತಿರಲಿಲ್ಲ. “ಸರಿ, ಇರಲಿ,” ಎಂದರು.

ಹೀಗೆ ನೀಲಮ್ಮ ಗಂಟಿನೊಳಗೆ ಬಂದರು. ಹೊಸ ಲ್ಯಾಬಾದರೆ ಮೊದಲ ರೋಗಿಯಾಗಿ ಸೇರಬೇಕು. ಹಳೆಯದಾದರೆ, ಅಲ್ಲಿರುವ ದಾಖಲೆ ಏನಾದರೂ ಕೆಟ್ಟಿದ್ದರೆ ಎಂಬ ಭಯಕ್ಕೆ, ಹಳೆಯದರ ಮೇಲೆಯೇ ಹೊಸದಾಗಿ ಬರೆಯಬೇಕು. ಹಾಗೆ ಏರ್ಪಾಡು ಮಾಡಿದೆ. ಶರಣಪ್ಪನವರು ಯಾವಾಗಲೂ ವಯಸ್ಸು ಮಾತ್ರ ಹಾಕಿ ಹುಟ್ಟಿದ ತಾರೀಖಿನ ಜಾಗವನ್ನು ಖಾಲಿ ಬಿಡುತ್ತಿದ್ದರು. ಖಾಲಿ ಜಾಗ ಕಂಡರೆ ಪ್ರೋಗ್ರಾಮು ಎಲ್ಲಿ ಎಡವುತ್ತದೋ ಎಂದು ನಾನು ಅದನ್ನೂ ತುಂಬಿದೆ. ಆ ವರ್ಷದಿಂದ ನಲವತ್ತೈದು ಕಳೆದು, ಜನವರಿ ಒಂದು ಎಂದು ಹಾಕಿದೆ. ನೀಲಮ್ಮನನ್ನು ಗಂಟಿಗೆ ಸೇರಿಸಿದ್ದನ್ನು ಶರಣಪ್ಪನವರಿಗೆ ಹೇಳಲಿಲ್ಲ, ಮೊದಲ ಲ್ಯಾಬಿನಲ್ಲಿ ಗಂಟು ಬಿಚ್ಚಿದಾಗಲೇ ನೋಡಲಿ ಎಂದುಕೊಂಡೆ.

ಆಗಸ್ಟಿನಲ್ಲಿ ಮೊದಲ ನಿಜವಾದ ಪರೀಕ್ಷೆ, ಶರಣಪ್ಪನವರು ಹಿಂದೆಯೇ ಹಳೆಯ ಪ್ರೋಗ್ರಾಮು ಕೂರಿಸಿದ್ದ ತಾರ್ನಾಕದ ಇದೇ ವಿಜಯಲಕ್ಷ್ಮಿ ಮೇಡಂ ಲ್ಯಾಬಿನಲ್ಲಿ. ಮೇಡಂ ಒಬ್ಬರೇ ಸೂಜಿ ಚುಚ್ಚಿ, ಒಬ್ಬರೇ ಸೂಕ್ಷ್ಮದರ್ಶಕ ನೋಡಿ, ಒಬ್ಬರೇ ಟೈಪು ಮಾಡುತ್ತಿದ್ದ ಗಟ್ಟಿಗಿತ್ತಿ. ನಾವಿಬ್ಬರೂ ಹೋದೆವು. ನಿಯಮವೆಂದರೆ ನಾವು ಏನನ್ನೂ ಮುಟ್ಟಬಾರದು. ಸಿ.ಡಿ. ಅವರ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತೆವು. ಶರಣಪ್ಪನವರು ಅಭ್ಯಾಸಬಲದಿಂದ ನೀರು ಕೇಳಿದರು. ಮೇಡಂ ಎಲ್ಲರಿಗೂ ಚಹಾ ತಂದರು. ತಮ್ಮ ಲೋಟವನ್ನು ಕೀಲಿಮಣೆಯ ಪಕ್ಕದಲ್ಲೇ ಇಟ್ಟುಕೊಂಡು ಒತ್ತತೊಡಗಿದರು. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ, ಮನಸ್ಸಿನಲ್ಲೇ ಸೇರಿಸಿದೆ. ನೆಕ್ಸ್ಟ್. ನೆಕ್ಸ್ಟ್. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ಕರೆಂಟು ಹೋಗಲಿಲ್ಲ. ಏನೂ ಆಗಲಿಲ್ಲ.

“ಅಯಿಪೋಯಿಂದಿ,” ಎಂದರು ಮೇಡಂ. ಮುಗೀತು.

ಶರಣಪ್ಪನವರು ತಮ್ಮ ಕೈಯಲ್ಲಿದ್ದ ಲೋಟ ನೋಡಿದರು. “ಮುಗೀತೇನ್ರಿ? ಚಹಾ ಇನ್ನಾ ಬಿಸಿ ಐತಿ,” ಎಂದರು ನನಗೆ. ಒಂದೂವರೆ ದಿನದ ಕೆಲಸ. ಚೀಲ ಅವರ ಕಾಲ ಬಳಿ ಇತ್ತು; ಅದರ ಜಿಪ್ಪು ತೆಗೆದೇ ಇರಲಿಲ್ಲ.

ಮೇಡಂ ಹಳೆಯ ರೋಗಿಗಳ ಪಟ್ಟಿ ತೆರೆದು ನೋಡಿದರು. ಎಲ್ಲರೂ ಇದ್ದರು. ಆಮೇಲೆ ಅವರು ರೋಗಿ ನಂಬರ್ ಒಂದನ್ನು ಒತ್ತಿ ಪ್ರಿಂಟ್ ಕೊಟ್ಟರು. ಪ್ರಿಂಟರು ಕಿರ್ರೆಂದು ಹಾಳೆಯನ್ನು ಹೊರದೂಡಿತು. ಅವರು ಅದನ್ನು ಬೆಳಕಿಗೆ ಹಿಡಿದು, ಅಂಚು ನೋಡಿ, “ನೀಲಮ್ಮ ಗಾರು ಬಾಗುನ್ನಾರು,” ಎಂದರು. ನೀಲಮ್ಮನವರು ಚೆನ್ನಾಗಿದ್ದಾರೆ.

ನಮ್ಮಿಬ್ಬರ ಮುಖ ನೋಡಿ ಅವರಿಗೆ ಸಂಕೋಚವಾಯಿತು. ದಿನಾ ಬೆಳಿಗ್ಗೆ ಇದನ್ನೇ ಮೊದಲು ಹಾಕುವುದು, ಎಂದರು ತೆಲುಗಿನಲ್ಲಿ. ಪ್ರಿಂಟರು ಸರಿಯಿದೆಯೋ ನೋಡಿದ ಹಾಗೂ ಆಯಿತು, ಮೊದಲ ರಿಪೋರ್ಟೇ ಒಳ್ಳೆಯದು ಬಂದರೆ ಬೋಣಿಯೂ ಆಯಿತು. ಕರ್ನೂಲಿನಲ್ಲಿ ನಮ್ಮ ಅಕ್ಕನ ಲ್ಯಾಬಿನಲ್ಲೂ ಹೀಗೇ. ಯಾಕೆ, ತಪ್ಪೇ?

“ತಪ್ಪೇನಿಲ್ಲಮ್ಮಾ,” ಎಂದರು ಶರಣಪ್ಪನವರು. ಹಾಳೆಯನ್ನು ಕೇಳಿ ಇಸಕೊಂಡರು, ತುಂಬ ಹೊತ್ತು ಓದಿದರು, ಮಡಚಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹೊರಗೆ ಬಂದ ಮೇಲೆ ಬೇವಿನ ಮರದ ಕೆಳಗೆ ನಿಂತು ಕನ್ನಡಕ ಒರೆಸಿದರು. “ಹಂಗಾದ್ರ ಸಾಹೇಬ್ರ, ಮೂವತ್ತೊಂದಕ್ಕೂ ಗುರುತು ಹಾಕೇನಿ,” ಎಂದರು.

ಆ ತಿಂಗಳ ಕೊನೆಗೆ ಅವರಿಗೆ ಶಾಲು ಹೊದಿಸಿ ಕಳಿಸಿಕೊಟ್ಟೆವು. ಎಂ.ಡಿ. ಭಾಷಣದ ನಡುವೆ ವಿಮಾನ ಬಂತು, ಎಲ್ಲರೂ ಕಾದೆವು. ಸೆಪ್ಟೆಂಬರಿನಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಯಾರು ಯಾರೋ ಬಂದು ಕೂತರು. ಸಿ.ಡಿ.ಗಳು ಅಂಚೆಯಲ್ಲಿ ಹೋದವು. ಶರಣಪ್ಪನವರು ಎಂದೂ ನೋಡದ ಊರುಗಳಿಗೂ ಹೋದವು. ನಾನು ಗೋಡೆಯ ಪಟ್ಟಿಯಿಂದ ಒಂದೊಂದೇ ಅಂಶ ಹೊಡೆದುಹಾಕುತ್ತ ಬಂದೆ. ಒಬ್ಬರ ರಕ್ತವೂ ಇನ್ನೊಬ್ಬರಿಗೆ ಹೋಗಲಿಲ್ಲ, ಒಂದು ಚುಕ್ಕೆಯೂ ಕಳೆಯಲಿಲ್ಲ. ಶರಣಪ್ಪನವರಿಗೆ ವಿಜಯಲಕ್ಷ್ಮಿ ಮೇಡಂ ಬೆಳಗಿನ ಹೊತ್ತು ಕೌಂಟರಿನಲ್ಲಿ ಕೂರುವ ಕೆಲಸ ಕೊಟ್ಟರೆಂದು ತಿಳಿದಾಗ ನಲವತ್ತೆರಡನೆಯದನ್ನೂ ಮನಸ್ಸಿನಲ್ಲೇ ಅರ್ಧ ಹೊಡೆದೆ. ಪೂರ್ತಿ ಹೊಡೆಯಲು ಆಗಲಿಲ್ಲ. ಊರೂರು ತಿರುಗುವುದೆಂದರೆ ಅವರಿಗೆ ಇಷ್ಟವಿತ್ತು.

ಡಿಸೆಂಬರ್ ಮುಗಿಯುವ ಹೊತ್ತಿಗೆ ಗೋಡೆ ಖಾಲಿಯಾಗಿತ್ತು. ಜನವರಿ ಒಂದನೆಯ ತಾರೀಖು ಬೆಳಿಗ್ಗೆ ನನ್ನ ಮೇಜಿನ ಫೋನು ಬಡಿಯಿತು.

“ಹಂಗಾದ್ರ ಸಾಹೇಬ್ರ, ಕೂತೀರೋ, ನಿಂತೀರೋ?”

“ನಿಂತಿದೀನಿ ಸಾರ್. ಯಾಕೆ?”

“ಕೂಡ್ರಿ ಮೊದಲ. ನಿಮ್ಮ ಗಂಟಿನ್ಯಾಗ ಒಂದು ತಪ್ಪು ಸಿಕ್ಕೈತಿ.”

ಕೂತೆ. “ದಾಖಲೆ ಹೋಯ್ತಾ?”

“ಎಲ್ಲಾ ಐತಿ.”

“ಗುಂಪು ಬದಲಾಯ್ತಾ? ತಾರೀಖು ತಿರುಗಿತಾ?”

“ಅಯ್ಯ, ಕೇಳ್ರಿ ಇಲ್ಲೆ. ಈಗ ಬೋಣಿ ಪ್ರಿಂಟ್ ಹಾಕಿದೆ. ನಮ್ಮಾಕಿಗೆ ನಲವತ್ತಾರು ತೋರಸಾಕತ್ತೈತಿ.”

ಒಂದು ಕ್ಷಣ ಏನೆಂದು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹುಟ್ಟಿದ ತಾರೀಖು ಖಾಲಿಯಿದ್ದರೆ ಪ್ರೋಗ್ರಾಮು ಬರೆದ ವಯಸ್ಸನ್ನೇ ತೋರಿಸುತ್ತದೆ. ತಾರೀಖು ಇದ್ದರೆ ಆ ದಿನದ ವಯಸ್ಸನ್ನು ತಾನೇ ಎಣಿಸಿಕೊಳ್ಳುತ್ತದೆ. ಖಾಲಿ ಜಾಗಕ್ಕೆ ಹೆದರಿ ನಾನು ಹಾಕಿದ ಜನವರಿ ಒಂದು. ಕರ್ನೂಲಿನಲ್ಲಿ, ಬೀದರಿನಲ್ಲಿ, ಎಲ್ಲ ಊರುಗಳಲ್ಲೂ ಅವರು ಆ ಬೆಳಿಗ್ಗೆ ಒಂದು ವರ್ಷ ದೊಡ್ಡವರಾಗಿದ್ದರು. ಬೇರೆ ಯಾರಿಗೂ ಕಾಣದ ತಪ್ಪು; ಕಾಣಬಾರದವರಿಗೇ ಕಂಡಿತ್ತು.

“ನನ್ನದೇ ತಪ್ಪು ಸಾರ್. ಖಾಲಿ ಬಿಡಬೇಕಿತ್ತು, ನಾನು ತುಂಬಿಬಿಟ್ಟೆ. ಇವತ್ತೇ ಸರಿಮಾಡ್ತೀನಿ. ಎಲ್ಲ ಲ್ಯಾಬಿಗೂ ಹೊಸ ಸಿ.ಡಿ.—”

ಕಿಟಕಿಯ ಗಾಜು ನಡುಗಲು ಶುರುವಾಯಿತು. ವಿಮಾನ ತಲೆಯ ಮೇಲೆ ಬಂತು. ನಾನು ಬಾಯಿ ಮುಚ್ಚಿ ಕಾದೆ. ಆ ಕಡೆ, ತಾರ್ನಾಕದಲ್ಲಿ, ಅವರೂ ಹಳೆಯ ರೂಢಿಯಂತೆ ಕಾದರು.

“ಬ್ಯಾಡ್ರಿ,” ಎಂದರು. “ಇರ್ಲಿ ಬಿಡ್ರಿ. ಆಕಿಗೂ ಒಂದಿಷ್ಟು ವಯಸ್ಸಾಗ್ಲಿ.”